ತೋರಣದ ಮುಂದೆ ಕೂತವಳು

ಅಭಿರಾಮನ ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಅತ್ತೆ ಚೂಡಾಮಣಿ ಎಂದಿನಂತೆ, “ಹುಳಿಗೆ ಏನು ಹೆಚ್ಚಲಿ?” ಎಂದು ಕೇಳಿದರು. “ಸೀಮೆಬದನೆ,” ಎಂದಳು ಪ್ರಿಯಂವದಾ. ಅಳು ಬರಲಿಲ್ಲ. ಕೈಕಾಲು ಯಾರದೋ ಎಂಬಂತೆ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು.

ಊಟಕ್ಕೆ ಮೊದಲೇ ರಾಮಸ್ವಾಮಿ ಬಂದರು. ಬಡಾವಣೆಯ ಪಾರ್ಕ್ ತೆರೆದದ್ದು ಮಾರ್ಚ್ ಹನ್ನೆರಡರಂದು. ಪ್ರತಿ ವರ್ಷ ಆ ದಿನವೇ ಬಡಾವಣೆಯ ಹಬ್ಬ. ಈ ಸಲದ ಸ್ಮರಣ ಸಂಚಿಕೆಗೆ ರಾಮಸ್ವಾಮಿ ಸಂಪಾದಕರು. ಆ ಒಂದು ತಾರೀಖಿನಂದು ಬಡಾವಣೆಯಲ್ಲಿ ಯಾವ ವರ್ಷ ಏನೇನಾಯಿತು ಎಂಬ ಚರಿತ್ರೆಯನ್ನು ಬರೆದುಕೊಟ್ಟವನು ಅವಳ ಗಂಡ ಅಭಿರಾಮ.

“ಬರಹ ಚೆನ್ನಾಗಿದೆಯಮ್ಮ. ಆದ್ರೆ ವಠಾರದ ವಿಷಯ ಬೇಡ. ಹಬ್ಬದ ಪುಸ್ತಕದಲ್ಲಿ ಅದ್ಯಾಕೆ?”

ಪಾರ್ಕ್ ತೆರೆದ ಬೆಳಿಗ್ಗೆಯೇ, ಅದರ ಗೇಟಿಗೆ ಅಡ್ಡವೆಂದು ಒಂದು ವಠಾರವನ್ನು ಕೆಡವಿದ್ದರು. ಅಭಿರಾಮ ಕಡ ತಂದಿದ್ದ ಫೋಟೋದಲ್ಲಿ ಹಿಂದೆ ಮಾವಿನ ತೋರಣ. ಮುಂದೆ ಬೀದಿಗೆ ಎಸೆದ ಪಾತ್ರೆಗಳ ನಡುವೆ, ಒರಳಿನ ಮೇಲೆ ಕೂತ, ಆ ವಠಾರದ ಪಿಳ್ಳಮ್ಮ. ಫೋಟೋ ಅವಳದೇ.

“ಆ ಫೋಟೋ ಕೊಡಿ. ತೋರಣದ ಭಾಗ ಮಾತ್ರ ಕತ್ತರಿಸಿ ಹಾಕ್ತೀವಿ. ಮೊದಲ ಪುಟದಲ್ಲಿ ನಿಮ್ಮ ಯಜಮಾನ್ರಿಗೆ ಶ್ರದ್ಧಾಂಜಲಿ.”

“ವಠಾರ ಬೇಡ ಅಂದ್ರೆ ಅವರ ಹೆಸರೂ ಬೇಡ. ಬರಹ ವಾಪಸ್ ಕೊಡಿ.”

“ದುಃಖದಲ್ಲಿ ಹಟ ಮಾಡ್ಬೇಡಿ.”

“ದುಃಖ ಬೇರೆ, ಇದು ಬೇರೆ. ಕೊಡಿ.”

ರಾಮಸ್ವಾಮಿ ಚೂಡಾಮಣಿಯ ಮುಖ ನೋಡಿದರು.

“ನನ್ನ ಯಾಕೆ ನೋಡ್ತೀರಿ? ಎಂ.ಎ. ಓದಿರೋದು ಅವಳು. ನಾನು ಹುಳಿ ನೋಡ್ಬೇಕು,” ಎಂದು ಅತ್ತೆ ಒಳಗೆ ಹೋದರು.

ರಾಮಸ್ವಾಮಿ ಚೀಲದಿಂದ ಹಾಳೆಗಳನ್ನು ತೆಗೆದು ಬೆಂಚಿನ ಮೇಲಿಟ್ಟು ಎದ್ದುಹೋದರು.

ಗಂಡ ಸತ್ತವಳು ವರ್ಷ ತುಂಬುವ ತನಕ ಇನ್ನೊಬ್ಬರ ಮನೆಗೆ ಹೋಗಬಾರದೆಂಬುದು ಬೀದಿಗೆಲ್ಲ ಗೊತ್ತಿದ್ದ ಮಾತು. ಪ್ರಿಯಂವದಾ ಚಪ್ಪಲಿ ಮೆಟ್ಟಿದಳು. ಎದುರುಮನೆಯ ಜಾನಕಮ್ಮ, “ಇಷ್ಟು ಬೇಗ ಎಲ್ಲಿಗಮ್ಮ?” ಎಂದರು.

“ಕಡ ತಂದಿದ್ದನ್ನ ಕೊಡೋಕೆ,” ಎಂದು ಅವಳು ನಿಲ್ಲದೆ ನಡೆದಳು.

ಚಾಮರಾಜಪೇಟೆಯ ಸಣ್ಣ ಮನೆಯಲ್ಲಿ ಪಿಳ್ಳಮ್ಮ ಕದ ತೆಗೆದಳು. ಅಭಿರಾಮ ಸತ್ತ ಸುದ್ದಿ ಕೇಳಿ ಚಾಪೆ ಹಾಸಿದಳು.

“ಒಳ್ಳೆ ಹುಡ್ಗ ಕಣವ್ವ. ಪುಸ್ತಕದಾಗೆ ಹಾಕ್ತೀನಿ ಅಂದಿದ್ದ.”

“ಅವರು ಹಾಕಲ್ವಂತೆ. ನಾನು ಬೇರೆ ಕಡೆ ಅಚ್ಚು ಹಾಕಿಸ್ತೀನಿ, ಪೂರ್ತಿ. ಆಗ ಈ ಫೋಟೋ ಮತ್ತೆ ಕೇಳೋಕೆ ಬರ್ತೀನಿ.”

ಪ್ರಿಯಂವದಾ ಎರಡೂ ಕೈಯಲ್ಲಿ ಫೋಟೋ ಕೊಟ್ಟಳು. ಪಿಳ್ಳಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

“ನನ್ ಮೊಕ ನೋಡು, ತಿಂದ್ಬಿಡೋ ಹಂಗೆ ಕೂತಿವ್ನಿ. ಏಳು ಅಂದ್ರು. ಭಾಷಣ ಮುಗಿಯೋಗಂಟ ನಾನು ಏಳಲೇ ಇಲ್ಲ.”