ಎಲ್ಲರೂ ಬಳಸಬಹುದು

ಶಾಂತಯ್ಯನವರಿಗೆ ನಿಯಮ ಎಂದರೆ ಪ್ರಾಣ, ಅದು ತಮ್ಮ ಬಾಯಿಂದಲೇ ಹೊರಟಿದ್ದರೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಧಾರವಾಡದ ಬಳಗಕ್ಕೆ ಅವರೇ ಹಿರಿಯರು. ಹಳ್ಳಿ ಶಾಲೆಗಳ ಕಂಪ್ಯೂಟರಿಗೆ ಹಾಕಲು ಬಳಗದವರು ಕಟ್ಟುತ್ತಿದ್ದ ಲಿನಕ್ಸ್‌ನೊಳಗೆ ಯಾವ ತಂತ್ರಾಂಶ ಸೇರಬೇಕು, ಯಾವುದು ಹೊರಗಿರಬೇಕು ಎಂದು ತೀರ್ಪು ಕೊಡುವವರೂ ಅವರೇ. ಆ ಶಾಲೆಗಳಲ್ಲಿ ನೆಟ್ ಇಲ್ಲ. ಹೊರಗಿಟ್ಟದ್ದು ಮಕ್ಕಳಿಗೆ ಸಿಗುವುದೇ ಇಲ್ಲ.

ಕರುಣಾಳ ತಂತ್ರಾಂಶ ಹೊರಗೆ ಬಿದ್ದಿತ್ತು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಅವಳು ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶವೊಂದನ್ನು ವರ್ಷಗಟ್ಟಲೆ ಕೂತು ಬರೆದಿದ್ದಳು. ತಾನು ಕಲಿತ ಹಳ್ಳಿಯ ಶಾಲೆಗೆ ಅದು ಮುಟ್ಟಬೇಕು ಎಂಬುದೇ ಅವಳ ಹಟ. ಆದರೆ ಅದರ ಲೈಸೆನ್ಸಿನಲ್ಲಿ, ಅಂದರೆ ಬಳಕೆಯ ಕರಾರಿನಲ್ಲಿ, ಒಂದು ಸಾಲು ಸೇರಿಸಿಬಿಟ್ಟಿದ್ದಳು: ‘ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುವವರು ಇದನ್ನು ಬಳಸುವಂತಿಲ್ಲ.’ ಬಾಡಿಗೆ ಮನೆಗಾಗಿ ಓಣಿ ಓಣಿ ಅಲೆದು, ಜಾತಿ ತಿಳಿಸಿಬಿಡುವ ಮನೆತನದ ಅಡ್ಡಹೆಸರು ಹೇಳಿದೊಡನೆ ‘ನಿನ್ನೆನ ಯಾರೋ ಅಡ್ವಾನ್ಸ್ ಕೊಟ್ಟಾರ್ರಿ’ ಎಂಬ ಹಸಿ ಸುಳ್ಳು ಕೇಳಿ ಕೇಳಿ ರೋಸಿಹೋಗಿ ಬರೆದ ಸಾಲು ಅದು.

ಭಾನುವಾರ ಕೆಲಗೇರಿಯ ಶಾಂತಯ್ಯನವರ ಮನೆಯಲ್ಲಿ ಬಳಗ ಸೇರಿತು. ಅವರು ಕನ್ನಡಕ ಏರಿಸಿ ಆ ಸಾಲನ್ನು ಗಟ್ಟಿಯಾಗಿ ಓದಿದರು.

‘ಇದು ಮುಕ್ತ ತಂತ್ರಾಂಶ ಆಗೂದಿಲ್ರಿ ಮೇಡಂ. ಮುಕ್ತ ಅಂದ್ರ ಯಾರು ಬೇಕಾದ್ರೂ, ಯಾವ ಕೆಲಸಕ್ಕ ಬೇಕಾದ್ರೂ ಬಳಸಬೇಕು. ಇಂಥವರು ಬ್ಯಾಡ ಅಂದ್ರ ಭೇದ ಮಾಡಿದಂಗ ಆತು. ನಮ್ಮಲ್ಲಿ ಭೇದಕ್ಕ ಜಾಗಾ ಇಲ್ರಿ.’

ಭೇದ ಮಾಡಿದವಳು ತಾನಂತೆ! ಕರುಣಾಳಿಗೆ ಮೈ ಉರಿಯಿತು. ಆದರೂ ನಿಯಮ ಸರಿಯೇ ಇತ್ತು. ಇಂದು ಅವಳು ಒಬ್ಬರನ್ನು ಬೇಡ ಎಂದರೆ, ನಾಳೆ ಇನ್ನೊಬ್ಬ ಅವಳಂಥವರನ್ನೇ ಬೇಡ ಎಂದಾನು.

‘ಆತ್ರಿ, ಆ ಸಾಲು ತೆಗೀತೇನಿ,’ ಎಂದಳು.

ಗೆದ್ದ ಖುಷಿಗೆ ಶಾಂತಯ್ಯನವರಲ್ಲಿ ಔದಾರ್ಯ ಉಕ್ಕಿತು. ‘ಮನಿ ಸಲುವಾಗಿ ಇಷ್ಟ್ಯಾಕ ಸಿಟ್ರೀ? ನಮ್ಮ ಮ್ಯಾಲಿನ ಮನಿ ಖಾಲಿ ಐತಿ. ಕೆರಿ ಗಾಳಿ ಛಲೋ ಬರ್ತೈತಿ, ಬಂದ್ಬಿಡ್ರಿ.’ ಚಹಾ ಒಂದು ಗುಟುಕು ಕುಡಿದು ಮುಂದುವರಿಸಿದರು. ‘ಅಂದಂಗ, ನಿಮ್ಮ ಅಡ್ಡಹೆಸರೇನ್ರಿ?’

ಅವಳು ಹೇಳಿದಳು.

‘ಹೌದೇನ್ರಿ... ನನಗೇನ ಇಲ್ರಿ ಅದು. ನಮ್ಮ ಅವ್ವಾರು ಹಳೇ ಕಾಲದವರು, ನೋಡ್ರಿ. ಮತ್ತ ಮ್ಯಾಲ ನಳಾನೂ ಸೋರಾಕತ್ತೈತಿ.’

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ತಾವೇ ಗಟ್ಟಿಯಾಗಿ ಓದಿದ ಸಾಲು ತಮ್ಮನ್ನೇ ಕುರಿತದ್ದು ಎಂದು ಆ ಮಹಾನುಭಾವರಿಗೆ ಹೊಳೆಯಲೂ ಇಲ್ಲ. ಕರುಣಾಳಿಗೆ ಅವಮಾನಕ್ಕಿಂತ ಅಸಹ್ಯವೇ ಹೆಚ್ಚಾಯಿತು. ಇಂಥವರನ್ನು ತಡೆಯಲು ಲೈಸೆನ್ಸು ಬರೆದ ತಾನೆಂಥ ಹುಚ್ಚಿ!

ಅಲ್ಲೇ ಲ್ಯಾಪ್‌ಟಾಪ್ ತೆರೆದು ಆ ಸಾಲು ಅಳಿಸಿದಳು. ಆಮೇಲೆ ತಂತ್ರಾಂಶ ತೆರೆದಾಗ ಮೊದಲು ಕಾಣುವ ಪುಟದಲ್ಲಿ ಏನೋ ಬರೆದು, ಪಕ್ಕದಲ್ಲಿ ಕುಳಿತಿದ್ದ ಹಳ್ಳಿ ಶಾಲೆಯ ಟೀಚರ್ ಭುವನೇಶ್ವರಿಯ ಕಡೆಗೆ ತಿರುಗಿಸಿದಳು. ಭುವನೇಶ್ವರಿ ಗಟ್ಟಿಯಾಗಿ ಓದಿದರು: ‘ಇದು ಎಲ್ಲರಿಗೂ ಮುಕ್ತ. ಅಡ್ಡಹೆಸರು ಕೇಳಿದ ಮೇಲೆ ಮನೆ ಇಲ್ಲ ಎನ್ನುವವರೂ ಧಾರಾಳವಾಗಿ ಬಳಸಬಹುದು.’

ಯಾರೋ ನಗು ತಡೆಯಲಾರದೆ ಕೆಮ್ಮಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ‘ಇದು ನನಗ ಅಂದಂಗ ಐತಿ. ತೆಗೀರಿ ಅದನ್ನ!’ ಎಂದು ಶಾಂತಯ್ಯನವರು ಎದ್ದೇ ನಿಂತರು.

‘ನಾ ಯಾರಿಗೂ ಬ್ಯಾಡ ಅಂದಿಲ್ಲಲ್ರಿ. ಬಳಸಬಹುದು ಅಂತನ ಬರದೇನಿ. ನಿಯಮ ಎಲ್ಲಿ ಮುರೀತ್ರಿ?’

ಅವರು ಕನ್ನಡಕ ಏರಿಸಿ ಆ ಪುಟವನ್ನು ಮತ್ತೊಮ್ಮೆ ಓದಿದರು.

‘ಬ್ಯಾಡಾಗಿದ್ರ ನೀವ ಅಳಸ್ರಿ,’ ಎಂದು ಲ್ಯಾಪ್‌ಟಾಪನ್ನು ಅವರ ಮುಂದೆ ಸರಿಸಿದಳು. ‘ಮುಕ್ತ ತಂತ್ರಾಂಶ ಐತಿ, ತಿದ್ದೂ ಹಕ್ಕು ನಿಮಗೂ ಐತಿ. ಯಾರು ಅಳಸಿದ್ರು ಅಂತ ಕೆಳಗ ನಿಮ್ಮ ಹೆಸರು ಬರೀರಿ, ಅಷ್ಟ. ಅದೂ ಲೈಸೆನ್ಸಿನಾಗ ಐತಿ.’

ಬಳಗವೆಲ್ಲ ಅವರ ಕೈಯನ್ನೇ ನೋಡುತ್ತಿತ್ತು. ಶಾಂತಯ್ಯನವರು ಮೆಲ್ಲಗೆ ಕುಳಿತರು.

‘ಇದ್ದಂಗನ ಒಳಗ ಇಡ್ರಿ,’ ಎಂದರು.