ತವರಿನ ಕಾಚಂಪುಳಿ

ತಂಗಮ್ಮನ ಫ್ಯಾಕ್ಟರಿಯಲ್ಲಿ ಒಂದೇ ಕಾನೂನು: ರುಚಿ ನೋಡದೆ ಒಂದು ತೊಟ್ಟೂ ಒಳಗೆ ಹೋಗಕೂಡದು. ಕೊಡಗಿನಿಂದ ದೆಹಲಿ ಪಕ್ಕದ ಬಹದ್ದೂರ್‌ಗಢಕ್ಕೆ ಬಂದಿಳಿಯುವ ಪ್ರತಿ ಕ್ಯಾನಿನ ಮುಚ್ಚಳವನ್ನೂ ಅವಳೇ ಬಿಚ್ಚಬೇಕು. ಬಿಳಿ ತಟ್ಟೆಯ ಮೇಲೆ ಎರಡು ಹನಿ ಬಿಟ್ಟು, ತಟ್ಟೆ ಓರೆ ಮಾಡಿ, ಆ ಕಪ್ಪು ಹುಳಿ ಎಷ್ಟು ಸೋಮಾರಿಯಾಗಿ ಹರಿಯುತ್ತದೆಂದು ನೋಡಿ, ಕೊನೆಗೆ ನಾಲಿಗೆಗಿಟ್ಟು ಕಣ್ಣು ಮುಚ್ಚುವಳು. ಆಮೇಲೆ ಮಗಳು ತಾನ್ಯಾ ತನ್ನ ಮೀಟರು ಅದ್ದಿ ಹುಳಿಯ ಮಟ್ಟ ಅಳೆಯುವಳು. ಇಬ್ಬರೂ ಹೂಂ ಅಂದರೆ ಮಾತ್ರ ಕ್ಯಾನು ದೊಡ್ಡ ಟ್ಯಾಂಕಿಗೆ.

ಕಾಚಂಪುಳಿ ಅಂದರೆ ಸುಮ್ಮನೆಯೇ? ಮಳೆಗಾಲದಲ್ಲಿ ಮಾಗಿ ಉದುರಿದ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ಸೋರಿದ ರಸವನ್ನು ಮಣ್ಣಿನ ಮಡಕೆಯಲ್ಲಿ ಸಣ್ಣ ಉರಿಗೆ ಕಾಯಿಸಿ ಕಾಯಿಸಿ ಕಪ್ಪಾಗಿಸಬೇಕು. ಅದಿಲ್ಲದೆ ಹಂದಿಮಾಂಸದ ಪಂದಿಕರಿ ಮಾಡಿದರೆ ಕೊಡವರು ತಟ್ಟೆ ಸರಿಸಿ ಏಳುತ್ತಾರೆ. ಕೊಡಗಿನ ಏಳು ಮನೆಗಳ ಹೆಂಗಸರು ಕಾಯಿಸಿದ ಹುಳಿಯನ್ನು ತರಿಸಿ, ಸೋಸಿ, ಯಂತ್ರದಲ್ಲಿ ಬಾಟಲಿಗೆ ತುಂಬಿಸಿ ದೆಹಲಿಯಲ್ಲಿ ಮಾರುವ ಹುಚ್ಚು ಹತ್ತಿದ್ದು ತಂಗಮ್ಮನಿಗೆ, ಗಂಡ ನಾಣಯ್ಯ ಸೈನ್ಯದಿಂದ ಸುಬೇದಾರ್ ಆಗಿ ನಿವೃತ್ತನಾಗಿ ಅಲ್ಲಿನ ದ್ವಾರಕಾ ಬಡಾವಣೆಯ ಫ್ಲ್ಯಾಟಿನಲ್ಲಿ ಕಾಲು ಚಾಚಿ ಕೂತ ಮೇಲೆ. ಹೆಂಡತಿಯ ಹುಚ್ಚು ಗಂಡನನ್ನೂ ಸುಮ್ಮನೆ ಕೂರಿಸಲಿಲ್ಲ. ಈಗ ಲೋಡಿಂಗು, ಟೆಂಪೋ, ಗೇಟು ಎಲ್ಲ ಅವನದೇ ಉಸ್ತುವಾರಿ.

ಕಾನೂನಿಗೆ ಒಂದು ವಿನಾಯಿತಿಯಿತ್ತು. ಏಳು ಮನೆಗಳಲ್ಲಿ ಒಂದು ತಂಗಮ್ಮನ ತವರು. ಅಣ್ಣ ತಿಮ್ಮಣ್ಣ ಕಳಿಸುವ, ಅತ್ತಿಗೆ ಮಾಚಮ್ಮ ಕಾಯಿಸುವ ಹುಳಿಯ ಕ್ಯಾನು ಬಂದರೆ ತಂಗಮ್ಮ ಅದನ್ನು ಎರಡೂ ಕೈಯಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ನೇರ ಟ್ಯಾಂಕಿಗೆ ಸುರಿಸುವಳು. ತಟ್ಟೆಯಿಲ್ಲ, ನಾಲಿಗೆಯಿಲ್ಲ, ಮೀಟರಿಲ್ಲ.

"ಮಮ್ಮಿ, ರೂಲ್ ಅಂದ್ರೆ ರೂಲ್. ಮಾಮಾದು ಯಾಕೆ ಚೆಕ್ ಮಾಡಲ್ಲ?" ಎಂದು ತಾನ್ಯಾ ಈ ಸಲವೂ ಕೇಳಿದ್ದಳು.

"ತವರಿಂದ ಬಂದದ್ದನ್ನ ಮೂಸಿ ನೋಡ್ತಾರೇನೇ? ನಾಳೆ ನಿನ್ನ ಮದುವೆಗೆ ಮಾಮ ಬಂದ್ರೆ ಗೇಟಲ್ಲಿ ಆಧಾರ್ ಕಾರ್ಡ್ ಕೇಳ್ತೀಯಾ?"

"ಅಚ್ಛಾ ಬಾಬಾ, ಸಾರಿ," ಎಂದು ಮಗಳು ಕೈ ಮುಗಿದಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ಮುಗಿದಿರಲಿಲ್ಲ. ಮಂಗಳವಾರ ಬೆಳಿಗ್ಗೆ, ಪೆಟ್ಟಿಗೆಗಳು ಟೆಂಪೋ ಹತ್ತುತ್ತಿರುವಾಗ, ತಾನ್ಯಾ ಕೊನೆಯ ಪರೀಕ್ಷೆಗೆಂದು ಒಂದು ಬಾಟಲಿ ತೆರೆದು ಬೆರಳಿಗೆ ಹಚ್ಚಿ ನೆಕ್ಕಿದಳು. ಮುಖ ಕಿವುಚಿತು.

"ಮಮ್ಮಿ, ಕುಛ್ ಜಲಾ ಹುವಾ ಸಾ ಹೈ. ಸುಟ್ಟ ಹಾಗೆ. ಮೀಟರು ಸರಿ ತೋರಿಸ್ತಿದೆ, ಹುಳಿ ಸರಿ ಇದೆ, ಆದ್ರೆ ಹಿಂದಿಂದ ಕಹಿ ಬರ್ತಿದೆ."

ತಂಗಮ್ಮ ನಾಲಿಗೆಗಿಟ್ಟಳು. ಅಯ್ಯೋ ಶಿವನೇ! ಹುಳಿಯ ಹಿಂದೆಯೇ ತಳ ಹಿಡಿದ ಕಹಿ ಬಂದು ಗಂಟಲಲ್ಲಿ ಕೂತಿತು. ಮಿಕ್ಕ ಆರು ಮನೆಗಳ ಕ್ಯಾನುಗಳನ್ನು ಅವಳೇ ನೋಡಿದ್ದಳು, ಎಲ್ಲವೂ ಚಿನ್ನದಂಥ ಮಾಲು. ನೋಡದೆ ಬಿಟ್ಟದ್ದು ಒಂದೇ. ಆ ಒಂದು ಇಡೀ ಟ್ಯಾಂಕನ್ನು ಕೆಡಿಸಿತ್ತು.

ಆ ಪೆಟ್ಟಿಗೆಗಳು ಹೊರಟಿದ್ದು ಗುರುಗ್ರಾಮದ ದೊಡ್ಡ ಹೋಟೆಲ್ ಕಂಪನಿಗೆ. ಮುಂದಿನ ಸೋಮವಾರದಿಂದ ಅವರ ಎಲ್ಲ ಹೋಟೆಲುಗಳಲ್ಲೂ ಕೊಡಗಿನ ಅಡುಗೆ. ಈ ಆರ್ಡರಿಗಾಗಿ ತಂಗಮ್ಮ ವರ್ಷವಿಡೀ ಅಲೆದಿದ್ದಳು. ಇದು ಹೋದರೆ ಫ್ಯಾಕ್ಟರಿಗೆ ಬೀಗ, ಏಳು ಮನೆಯ ಮಡಕೆಗಳು ಬೋರಲು.

ನಾಣಯ್ಯ ಹೆಂಡತಿಯ ಮುಖ ನೋಡಿ ದನಿ ತಗ್ಗಿಸಿದ. "ತಂಗೂ, ದೆಹಲಿಯಲ್ಲಿ ಕಾಚಂಪುಳಿ ರುಚಿ ಗೊತ್ತಿರೋರು ಎಷ್ಟು ಜನ ಇದ್ದಾರೆ? ಆ ಹೋಟೆಲಿನವರು ಮಸಾಲೆಯಲ್ಲಿ ಮುಳುಗಿಸಿಬಿಡ್ತಾರೆ. ಕಳಿಸಿಬಿಡೋಣ."

"ಮೊದಲನೇ ಸಲ ತಿನ್ನೋರು ಇದೇ ಕಾಚಂಪುಳಿ ಅಂದ್ಕೊಳ್ತಾರಲ್ಲ, ಅದಕ್ಕೇನು ಹೇಳ್ತೀರಿ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಇಳಿಸಿ ಪೆಟ್ಟಿಗೆಗಳನ್ನ."

"ಎಲ್ಲಾನೂ?"

"ಎಲ್ಲಾನೂ! ಭಯ್ಯಾ, ಗಾಡಿ ಖಾಲೀ ಕರೋ!" ಎಂದು ಟೆಂಪೋದವನಿಗೆ ಅವಳೇ ಕೂಗಿ ಹೇಳಿದಳು. ನಾಣಯ್ಯ ತಲೆ ಕೆರೆದುಕೊಂಡು, ಕೆಟ್ಟ ಹುಳಿಯಲ್ಲಿ ಉಜ್ಜಿದರೆ ತನ್ನ ಹಳೆಯ ಬೆಲ್ಟಿನ ಹಿತ್ತಾಳೆ ಬಕಲ್ಲಾದರೂ ಫಳಫಳ ಹೊಳೆದೀತು ಎಂದು ಗೊಣಗುತ್ತ ಮೊದಲ ಪೆಟ್ಟಿಗೆಗೆ ತಾನೇ ಹೆಗಲು ಕೊಟ್ಟ.

ಹೋಟೆಲಿನ ಖರೀದಿ ನೋಡಿಕೊಳ್ಳುವ ಸುದರ್ಶನ್ ಮೈಸೂರಿನವನು, ಒಳ್ಳೆಯವನೇ. ಆದರೂ ಫೋನಿನಲ್ಲಿ ಅವನ ದನಿ ಬಿಗಿಯಾಯಿತು. "ಮೇಡಂ, ಮೆನು ಪ್ರಿಂಟ್ ಆಗಿದೆ. ಮೊದಲ ವಾರಕ್ಕಾಗುವಷ್ಟಾದರೂ ಭಾನುವಾರ ಬೆಳಿಗ್ಗೆ ಕೊಡಿ. ಇಲ್ಲ ಅಂದ್ರೆ ನಮ್ಮ ಶೆಫ್ ವಿನಿಗರ್‌ಗೆ ಹುಣಸೆ ಕಲಸಿ ನಡೆಸ್ತಾರೆ. ಒಂದು ಸಲ ಅದು ನಡೀತು ಅಂದ್ರೆ ನಿಮ್ಮದು ಯಾರಿಗೂ ಬೇಕಾಗಲ್ಲ ನೋಡಿ."

"ಕೊಡ್ತೀನಿ," ಎಂದಳು ತಂಗಮ್ಮ. ಎಲ್ಲಿಂದ ಕೊಡುವುದೆಂದು ಅವಳಿಗೇ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಆರು ಮನೆಗಳವರು ಈ ವರ್ಷದ್ದನ್ನೆಲ್ಲ ಬಳಿದು ಕಳಿಸಿಯಾಗಿತ್ತು. ಹೋದ ವರ್ಷದ ಹುಳಿಯನ್ನು ಭರಣಿಗಟ್ಟಲೆ ಉಳಿಸಿಕೊಳ್ಳುವ ಮನೆ ಒಂದೇ, ಮಾಚಮ್ಮನದು. ಅಂದರೆ ಅದೇ ಅತ್ತಿಗೆಗೆ ಫೋನು ಮಾಡಿ, ನಿನ್ನ ಹುಳಿ ಸುಟ್ಟಿದೆ ಅನ್ನಬೇಕು. ಅದೇ ಉಸಿರಿನಲ್ಲಿ, ಮನೆಯಲ್ಲಿಟ್ಟದ್ದನ್ನೂ ಕೊಡು ಅಂತಲೂ ಕೇಳಬೇಕು. ತವರಿನ ಬಾಗಿಲು ಮುಚ್ಚಿಕೊಳ್ಳಲು ಇದಕ್ಕಿಂತ ಇನ್ನೇನು ಬೇಕು? ತಂಗಮ್ಮ ಫೋನು ಕೈಗೆತ್ತಿಕೊಂಡಳು, ಕೆಳಗಿಟ್ಟಳು, ನೀರು ಕುಡಿದಳು. ಸುಳ್ಳು ಹೇಳಿದರೆ? ಟ್ಯಾಂಕು ಕೆಟ್ಟಿತು, ಯಂತ್ರ ಕೆಟ್ಟಿತು ಅಂದರೆ? ಆಗ ಮುಂದಿನ ವರ್ಷವೂ ಅದೇ ಕಹಿ ಬರುತ್ತದೆ. ಥೂ, ಇದೆಂಥ ಹೇಡಿತನ ಎಂದು ತನ್ನನ್ನೇ ಬೈದುಕೊಂಡು ನಂಬರು ಒತ್ತಿದಳು.

ಫೋನೆತ್ತಿದ್ದು ಮಾಚಮ್ಮ. ತಂಗಮ್ಮ ಸುತ್ತಿಬಳಸಲಿಲ್ಲ.

"ಅತ್ತಿಗೆ, ಈ ಸಲದ ಹುಳಿ ಸುಟ್ಟಿದೆ. ಕಹಿಯಾಗಿದೆ."

ಆ ಕಡೆ ಮಾಚಮ್ಮ ಕಾಲ ಬಳಿಯ ಕೋಳಿಯನ್ನು ಹುಶ್ ಎಂದು ಓಡಿಸಿದಳು.

"ಸುಟ್ಟಿರೋದು ನನಗೆ ಗೊತ್ತು," ಎಂದಳು ಮಾಚಮ್ಮ. "ನನ್ನ ಮಂಡಿ ಆಪರೇಷನ್ ಆಯ್ತಲ್ಲ, ಒಲೆ ಮುಂದೆ ಕೂರೋಕಾಗಲಿಲ್ಲ. ಬೇಗ ಕಳಿಸಿ, ಬೇಗ ಕಳಿಸಿ ಅಂತ ನೀನು ದಿನಾ ಫೋನು. ನಿಮ್ಮಣ್ಣ ಮಡಕೆ ಬಿಟ್ಟು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಗ್ಯಾಸ್ ಮೇಲಿಟ್ಟು ಕಾಯಿಸಿದ್ರು. ತಳ ಹಿಡೀತು. ಕಳಿಸಬೇಡಿ ಅಂದೆ. ತಂಗಿ ನಮ್ಮ ಮನೇದು ನೋಡೋದೇ ಇಲ್ಲ, ಕಳಿಸಿದ್ರಾಯ್ತು ಬಿಡು ಅಂದ್ರು."

ತಂಗಮ್ಮನಿಗೆ ಕೆನ್ನೆಗೆ ಹೊಡೆದಂತಾಯಿತು. "ಮರ್ಯಾದೆಗೆ ನೋಡ್ತಿರಲಿಲ್ಲ ಅತ್ತಿಗೆ. ತವರಿಂದು ಅಂತ."

"ಯಾವ ಮರ್ಯಾದೆ?" ಮಾಚಮ್ಮನ ದನಿ ಏರಿತು. "ಆ ಆರು ಮನೆಯವರಿಗೂ ಪ್ರತಿ ವರ್ಷ ಫೋನು ಮಾಡ್ತೀಯ. ನಿಮ್ಮದು ಒಂದು ಚೂರು ತೆಳ್ಳಗಾಯ್ತು ಅಂತೀಯ, ನಿಮ್ಮದು ಈ ಸಲ ಎಲ್ಲಕ್ಕಿಂತ ಚೆನ್ನಾಗಿದೆ ಅಂತೀಯ. ಅವರು ಮದುವೆಮನೇಲಿ ಸಿಕ್ಕಾಗ ಎದೆಯುಬ್ಬಿಸಿ ನನ್ನ ಮುಂದೆ ಹೇಳ್ತಾರೆ. ನಾನು ಅಷ್ಟು ವರ್ಷ ಹೊಗೆ ಕುಡಿದು ಕಾಯಿಸಿದೆನಲ್ಲ, ಒಂದೇ ಒಂದು ಸಲ ಚೆನ್ನಾಗಿದೆ ಅಂದ್ಯಾ? ಹೇಗೆ ಅಂತೀಯ, ನಾಲಿಗೆಗೆ ಇಟ್ಟಿದ್ರೆ ತಾನೆ!"

ತಂಗಮ್ಮನಿಗೆ ಅಳು ಬಂತು, ನಾಚಿಕೆಯೂ ಬಂತು. ಗೌರವ ಅಂದುಕೊಂಡು ಅವಳು ಅತ್ತಿಗೆಯ ಕೆಲಸವನ್ನು ಇಷ್ಟು ವರ್ಷ ಲೆಕ್ಕಕ್ಕೇ ಹಿಡಿದಿರಲಿಲ್ಲ.

"ತಪ್ಪಾಯ್ತು ಅತ್ತಿಗೆ," ಎಂದಳು. "ಹಳೇ ಭರಣಿದು ಕಳಿಸಿಕೊಡಿ. ಆದ್ರೆ ಹೇಳಿರ್ತೀನಿ, ಈ ಸಲ ನೋಡ್ತೀನಿ. ಸರಿಯಿಲ್ಲ ಅಂದ್ರೆ ವಾಪಸ್ ಕಳಿಸ್ತೀನಿ."

"ವಾಪಸ್ಸಾ?" ಮಾಚಮ್ಮ ಗುಡುಗಿದಳು. "ಕಳಿಸಿ ನೋಡು!"

ಶನಿವಾರ ಮಧ್ಯಾಹ್ನ ಬೆಂಗಳೂರಿನಿಂದ ವಿಮಾನದಲ್ಲಿ ಬಂದ ಕ್ಯಾನುಗಳನ್ನು ನಾಣಯ್ಯ ಏರ್‌ಪೋರ್ಟಿನಿಂದ ತಂದಿಳಿಸಿದ. ಮಾಚಮ್ಮ ಆಗಲೇ ವಿಡಿಯೋ ಕಾಲಿನಲ್ಲಿ ಕೂತಿದ್ದಳು, ಮಂಡಿಗೆ ಪಟ್ಟಿ, ಹಿಂದೆ ನಿಂತ ತಿಮ್ಮಣ್ಣನ ತಗ್ಗಿದ ತಲೆ. ತಾನ್ಯಾ ಫೋನು ಹಿಡಿದಳು. ತಂಗಮ್ಮ ಮುಚ್ಚಳ ಬಿಚ್ಚಿ, ತಟ್ಟೆಗೆ ಎರಡು ಹನಿ ಬಿಟ್ಟು, ಓರೆ ಮಾಡಿ, ನಾಲಿಗೆಗಿಟ್ಟಳು. ಕಣ್ಣು ಮುಚ್ಚಿದಳು. ಹೊಗಳಿಬಿಡುವುದು ಸುಲಭವಿತ್ತು. ಫೋನಿನಾಚೆ ಇಬ್ಬರೂ ಉಸಿರು ಹಿಡಿದಿದ್ದರು.

"ಅತ್ತಿಗೆ, ಘಮ ಇದೆ, ಹುಳಿ ಇದೆ. ಆದ್ರೆ ಇನ್ನೊಂದು ಕುದಿ ಬೇಕಿತ್ತು."

ನಾಣಯ್ಯ ಹಣೆ ಚಚ್ಚಿಕೊಂಡ. ಆದರೆ ಮಾಚಮ್ಮನ ಮುಖ ಅರಳಿತು. "ಬೇಕಿತ್ತಲ್ಲ? ನನಗೂ ಹಾಗೇ ಅನ್ನಿಸಿತ್ತು! ಹೋದ ವರ್ಷ ಕಟ್ಟಿಗೆ ಹಸಿಯಿತ್ತು, ಬೇಗ ಇಳಿಸಿಬಿಟ್ಟೆ. ಈಗ ಆ ಕುದಿ ಕೊಡೋಕಾಗುತ್ತಾ ಅಲ್ಲಿ?"

"ಆಗುತ್ತೆ ಅತ್ತೆ," ಎಂದಳು ತಾನ್ಯಾ. "ಇಲ್ಲಿ ದೊಡ್ಡ ಸ್ಟೀಮ್ ಕೆಟಲ್ ಇದೆ, ಆವಿ ಹೊರಗಿಂದ ಸುತ್ತುತ್ತೆ, ತಳಕ್ಕೆ ಬೆಂಕಿ ತಾಗೋದೇ ಇಲ್ಲ. ಎಷ್ಟು ಬಿಸಿ ಅಂತ ನೀವು ಹೇಳಿ, ಅಷ್ಟಕ್ಕೇ ನಿಲ್ಲಿಸ್ತೀನಿ."

ಆ ಸಂಜೆ ಬಹದ್ದೂರ್‌ಗಢದ ಕೆಟಲ್ಲನ್ನು ಕೊಡಗಿನಿಂದ ಮಾಚಮ್ಮ ನಡೆಸಿದಳು. ಗುಳ್ಳೆ ದಪ್ಪವಾಯ್ತು, ಬಿಸಿ ಇಳಿಸು. ನೊರೆ ಅಂಚಿಗೆ ತಾನಾಗಿ ಸರಿಯಲಿ, ಸೌಟು ಹಾಕಬೇಡ. ತಾನ್ಯಾ "ಜೀ ಅತ್ತೆ, ಜೀ ಅತ್ತೆ" ಅನ್ನುತ್ತ ಗುಂಡಿ ಒತ್ತಿದಳು. ನಾಣಯ್ಯ ಆಚೆ ನಿಂತು ನಾಳೆ ಬೆಳಿಗ್ಗೆ ಟೆಂಪೋ ಹೊರಡುತ್ತದೆಂದು ಸುದರ್ಶನ್‌ಗೆ ಫೋನು ಮಾಡಿದ. ಕೊನೆಗೆ ತಂಗಮ್ಮ ಮತ್ತೆ ತಟ್ಟೆ ಹಿಡಿದಳು. ನಾಲಿಗೆಗಿಟ್ಟವಳೇ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತು ಬಿಕ್ಕಿದಳು.

"ಏನಾಯ್ತೇ?" ಮಾಚಮ್ಮ ಗಾಬರಿಯಾದಳು.

"ಇಂಥದ್ದನ್ನ ಇಷ್ಟು ವರ್ಷ ರುಚಿ ನೋಡದೆ ಸುರಿದೆನಲ್ಲ ಅತ್ತಿಗೆ! ಮಿಕ್ಕ ಆರು ಮನೇಲೂ ಇಂಥ ಹುಳಿಯಿಲ್ಲ."

ಮಾಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದೆ ನಿಂತ ಗಂಡನ ಕಡೆ ತಿರುಗಿ, "ಕೇಳಿಸಿಕೊಂಡ್ರಾ?" ಎಂದಳು. ಆಮೇಲೆ ಮತ್ತೆ ಫೋನಿನತ್ತ ಬಾಗಿ ಗದರಿದಳು.

"ಅಳೋದು ಸಾಕು, ಮೊದಲು ಕೆಟಲ್ ಆರಿಸು. ನೀನೂ ತಳ ಹಿಡಿಸಿಬಿಡ್ತೀಯ."