ಆರೋಯ್ತು ಕಣಪ್ಪ

ಏಳನೇ ಕ್ಲಾಸಿನಲ್ಲಿ ನಾನು ಗಣಿತಕ್ಕೆ ಸೊನ್ನೆ ತೆಗೆದಾಗ ನಮ್ಮಪ್ಪ ಅದರ ಉತ್ತರವನ್ನು ನನ್ನ ಬೆನ್ನಿನ ಮೇಲೆ ಬೆತ್ತದಲ್ಲಿ ಬರೆದಿದ್ದರು. ನನ್ನ ಷಡ್ಡಕ ಪ್ರಸನ್ನ ತಿಂಗಳು ತಿಂಗಳೂ ಸೊನ್ನೆ ತೆಗೆಯುತ್ತಾನೆ. ಅವನು ಮಾವನ ಊರು ಹೊಳಲಿಗೆ ಬಂದರೆ ಮನೆಯಲ್ಲಿ ನಾಟಿಕೋಳಿ ಕೊಯ್ಯುತ್ತಾರೆ.

ಪ್ರಸನ್ನ ಎಂದರೆ ನನ್ನ ಹೆಂಡತಿ ಶ್ವೇತಳ ಅಕ್ಕನ ಗಂಡ, ಮಳವಳ್ಳಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಅವನ ಸೊನ್ನೆ ಕರೆಂಟ್ ಬಿಲ್ಲಿನ ಸೊನ್ನೆ. ಮೀಟರ್ ನೋಡುವವರು ಬಿಲ್ಲು ಹರಿದು ಕೈಗೆ ಕೊಟ್ಟರೋ ಇಲ್ಲವೋ, ಅದರ ಫೋಟೊ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಕೆಳಗೆ ಒಂದು ಸಾಲು: ‘ಮಿತಬಳಕೆಯ ಫಲ.’

ಮಿತಬಳಕೆಯಂತೆ. ಸರ್ಕಾರದ ಗೃಹಜ್ಯೋತಿ ಬರುವುದಕ್ಕೆ ಮುಂಚಿನ ವರ್ಷ ನೀವು ಎಷ್ಟು ಉರಿಸಿದ್ದಿರೋ ಅದರ ಸರಾಸರಿ ನೋಡಿ, ಮೇಲೊಂದಿಷ್ಟು ಸೇರಿಸಿ, ಅಷ್ಟು ಪುಕ್ಕಟೆ ಕೊಟ್ಟರು. ದಾಟಿದ್ದಕ್ಕೆ ದುಡ್ಡು. ಆ ವರ್ಷ ಪ್ರಸನ್ನನ ಮನೆಯಲ್ಲಿ ಹಳೇ ಫ್ರಿಜ್ಜು, ಗೀಸರು, ಅಂಗಳದ ದೊಡ್ಡ ಬಲ್ಬು ಎಲ್ಲ ಜಾತ್ರೆಗೆ ಹಚ್ಚಿದ ಹಾಗೆ ಉರಿಯುತ್ತಿದ್ದವು. ನಾನು ಮದ್ದೂರಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದೆ, ಫ್ಯಾನಿಗೂ ವಾರದ ರಜೆ ಕೊಡುತ್ತಿದ್ದೆ. ಉರಿಸಿದವನಿಗೆ ದೊಡ್ಡ ಪಾಲು ಸಿಕ್ಕಿತು, ಉಳಿಸಿದವನಿಗೆ ಚಿಕ್ಕ ಪಾಲು. ಕನ್ನಡದಲ್ಲಿ ರಕಾರಕ್ಕೂ ಳಕಾರಕ್ಕೂ ಇಷ್ಟೊಂದು ಯೂನಿಟ್ಟುಗಳ ವ್ಯತ್ಯಾಸವಿದೆ ಎಂದು ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ.

ಸಾಲದ್ದಕ್ಕೆ ಅವನ ಹಜಾರದಲ್ಲಿ ನಾಲ್ಕಡಿಯ ಮೀನಿನ ತೊಟ್ಟಿ ಬೇರೆ ಇದೆ. ಅದರೊಳಗೆ ಹಣೆಗೆ ಬೋಂಡ ಅಂಟಿಸಿಕೊಂಡಂಥ ಒಂದು ಫ್ಲವರ್‌ಹಾರ್ನ್. ಅದಕ್ಕೆ ನೀರು ಸೋಸುವ ಮೋಟರು, ಗಾಳಿ ಊದುವ ಮೋಟರು, ಚಳಿಗೆ ಹೀಟರು. ಆದರೂ ಬಿಲ್ಲು ಸೊನ್ನೆ. ನೆಂಟರು ಬಂದರೆ ಮೊದಲು ಮೀನು ನೋಡುತ್ತಾರೆ, ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಬಿಲ್ಲು ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಹೊಟ್ಟೆಯ ಉರಿಯಲ್ಲಿ ನೀರು ಕಾಯುವ ಹಾಗಿದ್ದಿದ್ದರೆ ಹೀಟರ್ ಮಾಡುವ ಕಂಪನಿಗಳೆಲ್ಲ ಎಂದೋ ಮುಚ್ಚುತ್ತಿದ್ದವು.

ಅದಕ್ಕೇ ನಾನು ಮಂಡ್ಯಕ್ಕೆ ಹೋಗಿ ಒಂದು ಅರೋವಾನ ಮೀನು ತಂದೆ. ಬೆಳ್ಳಿಯ ಬಣ್ಣ, ಕುಡುಗೋಲಿನ ಆಕಾರ, ಗದ್ದದ ತುದಿಯಲ್ಲಿ ಎರಡು ಮೀಸೆ. ತೊಟ್ಟಿಯನ್ನು ಪ್ರಸನ್ನನದಕ್ಕಿಂತ ಅರ್ಧ ಅಡಿ ಉದ್ದಕ್ಕೆ ಮಾಡಿಸಿದೆ. ಆ ಅರ್ಧ ಅಡಿಯಲ್ಲಿ ಮೀನಿಗೇನೂ ಕೆಲಸವಿರಲಿಲ್ಲ, ನನಗಿತ್ತು.

ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಅತ್ತೆ ದೇವಿರಮ್ಮ ತೊಟ್ಟಿಯ ಮುಂದೆ ಚಾಪೆ ಹಾಸಿ ಕುಂತರು.

“ಏನಪ್ಪ ಇದರೆಸ್ರು?”

“ಅರೋವಾನ, ಅತ್ತೆ.”

“ಆರೋವ್ನಾ? ಎಲ್ಲಿಗಪ್ಪ ಆರಾನು?”

ನಮ್ಮತ್ತೆಯ ನಾಲಿಗೆಗೂ ಹಕಾರಕ್ಕೂ ಹುಟ್ಟಿನಿಂದ ಮಾತಿಲ್ಲ. ಹಾಲು ಆಲು, ಹಸು ಅಸು, ಹಾರೋದು ಆರೋದು. ನಾನು ಕೆಲಸ ಮಾಡುವ ಭಾರತೀನಗರದ ಕಾಲೇಜಿನ ಕಚೇರಿಯಲ್ಲಿ ಅವರ ದನಿ ತೆಗೆದು ಮಾತಾಡಿದರೆ ಮಧ್ಯಾಹ್ನದ ಟೀಗೆ ಯಾರೂ ನನ್ನಿಂದ ದುಡ್ಡು ತೆಗೆಸುತ್ತಿರಲಿಲ್ಲ. ಅವರ ಎದುರಿಗೂ ಹಾಗೇ ಮಾತಾಡುತ್ತಿದ್ದೆ. ಅಳಿಯನಿಗೆ ಕೊನೆಗೂ ಸರಿಯಾಗಿ ಮಾತು ಬಂತು ಎಂದೇ ಅವರು ತಿಳಿದಿದ್ದರು.

ಮೊದಲ ತಿಂಗಳ ಬಿಲ್ಲು ಬಂದಾಗ ನನಗೇ ಮಾತು ನಿಂತಿತು. ಶ್ವೇತ ಮಂಡ್ಯದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಬಿಲ್ಲನ್ನು ರೋಗಿಯ ರಿಪೋರ್ಟಿನ ಹಾಗೆ ಮೇಲಿಂದ ಕೆಳಗೆ ಓದಿದಳು.

“ಏನ್ರೀ ಇದು, ಮೀನು ತಂದ್ರಾ ಮಿಲ್ಲು ತಂದ್ರಾ?”

“ಬಿಲ್ಲು ತಂದೆ, ಬಾಣ ನೀನು ಬಿಡ್ತಾ ಇದೀಯ.”

“ನಗಾಡ್ಬೇಡಿ. ಭಾವನ ಮನೇಲೂ ಮೀನಿದೆ.”

ಆ ‘ಭಾವನ ಮನೇಲೂ’ ಎನ್ನುವುದನ್ನು ನಮ್ಮ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿದಷ್ಟು ಸಲೀಸಾಗಿ ಹಾಕುತ್ತಾರೆ.

ಅದೇ ಭಾನುವಾರ ಭಾವನವರೇ ಬಂದರು. ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆಯ ಕೊಠಡಿಯಲ್ಲಿ ಓಡಾಡುವ ಹಾಗೆ ತೊಟ್ಟಿಯ ಸುತ್ತ ಓಡಾಡಿ, ಗಾಜನ್ನು ಬೆರಳಿನಿಂದ ತಟ್ಟಿದ.

“ನೋಡು ದೇವ್ರಾಜು, ಮೊದಲು ಬಾಯಿ ಮುಚ್ಚು.”

“ಯಾರ್ದಣ್ಣ?”

“ತೊಟ್ಟೀದು. ನೀರಿನ ಶಾಖ ಅರ್ಧಕ್ಕರ್ಧ ಮೇಲಿಂದಲೇ ಹೋಗುತ್ತೆ. ಒಂದು ಗಾಜು ಕಟ್ ಮಾಡ್ಸಿ ಮುಚ್ಚು. ಮೂರು ಕಡೆ ಥರ್ಮಾಕೋಲ್ ಅಂಟ್ಸು. ಹೀಟರನ್ನ ಇಪ್ಪತ್ತಾರಕ್ಕೆ ಇಳ್ಸು. ಹಗಲೊತ್ತು ಲೈಟ್ ಹಾಕೋದು ನಿನ್ನ ಚೆಂದಕ್ಕೆ, ಮೀನಿಗಲ್ಲ. ಅಲ್ದೆ ಈ ಜಾತಿ ಮೀನು ಹಾರುತ್ತೆ.”

ಪ್ರಸನ್ನ ಹಕಾರವನ್ನು ಹೊಟ್ಟೆಯಾಳದಿಂದ ಗಾಳಿ ತಂದು ಉಚ್ಚರಿಸುತ್ತಾನೆ. ಎದುರಿಗೆ ದೀಪವಿದ್ದರೆ ಆರಿಹೋಗಬೇಕು. ಅವನು ಬಸ್ಸು ಹತ್ತಿದ ಮೇಲೆ ನಾನು ಕೈ ಹಿಂದೆ ಕಟ್ಟಿ, “ಹ್ಹಾರುತ್ತೆ” ಎಂದು ತೊಟ್ಟಿಯ ಸುತ್ತ ಎರಡು ಸುತ್ತು ಹಾಕಿದೆ. ಶ್ವೇತ ನಕ್ಕಳು. ನಕ್ಕು ಮುಗಿಸಿ, “ಗಾಜು ಹಾಕ್ಸಿ” ಎಂದಳು.

“ಅವನ ಗಾಜು ನನ್ನ ತೊಟ್ಟಿಗೆ ಬ್ಯಾಡ.”

“ಅವರ ಗಾಜಲ್ಲ, ಅಂಗಡೀದು.”

“ಐಡಿಯಾ ಅವನದು.”

“ಸರಿ. ನಿಮ್ಮ ಐಡಿಯಾದಲ್ಲೇ ಈ ತಿಂಗಳು ಸೊನ್ನೆ ತರ್ಸಿ. ಬರ್ಲಿಲ್ಲ ಅಂದ್ರೆ ಮೀನು ಮಳವಳ್ಳಿಗೆ ಹೋಗುತ್ತೆ. ಭಾವ ಆಗ್ಲೇ ಕೇಳಿದಾರೆ, ಇನ್ನೊಂದು ತೊಟ್ಟಿ ಖಾಲಿ ಇದೆಯಂತೆ.”

ಕೇಳಿದ್ದಾನಂತೆ. ನನ್ನ ಅರೋವಾನದ ಮೇಲೆ ಅವನ ಕಣ್ಣು ಬಿದ್ದಿತ್ತು ಎಂದಾಯಿತು. ಒಂದು ಕ್ಷಣ ಎದೆ ತಣ್ಣಗಾಯಿತು, ನನ್ನ ಮೇಲೂ ಒಬ್ಬನಿಗೆ ಹೊಟ್ಟೆಕಿಚ್ಚಿದೆಯಲ್ಲ ಎಂದು. ಮರುಕ್ಷಣ ಮಳವಳ್ಳಿಯ ಹಜಾರದಲ್ಲಿ ನನ್ನ ಮೀನು, ಫ್ರಿಜ್ಜಿನ ಮೇಲೆ ಅವನ ಸೊನ್ನೆ, ಎರಡೂ ಒಟ್ಟಿಗೆ ಕಣ್ಣಿಗೆ ಕಟ್ಟಿದವು.

ಉಳಿತಾಯಕ್ಕೆ ಇಳಿದೆ. ಗೀಸರಿಗೆ ಬೀಗಮುದ್ರೆ. ಸಂಜೆಯಾದರೆ ಫ್ರಿಜ್ಜು ಆಫ್. ಮೊಸರು ಹುಳಿಯಾಯಿತು, ಶ್ವೇತಳ ಮುಖವೂ ಆಯಿತು. ದಿನಾ ಬೆಳಗ್ಗೆ ಮೀಟರಿನ ಮುಂದೆ ನಿಂತು ಮೀನಮೇಷ ಎಣಿಸುತ್ತಿದ್ದೆ: ಮೀನಿಗೆ ಇಷ್ಟು, ಮೇಷಕ್ಕೆ, ಅಂದರೆ ಈ ಕುರಿಗೆ, ಇಷ್ಟು. ತಿಂಗಳ ಮಧ್ಯಕ್ಕೆ ಬರುವಾಗ ಸೊನ್ನೆ ಕೈಗೆಟುಕುವ ಹಾಗೇ ಕಾಣುತ್ತಿತ್ತು. ಅತ್ತೆ ಒಂದು ದಿನ ಕಸ ಗುಡಿಸುವಾಗ ತೊಟ್ಟಿಯ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿದ್ದರಿಂದ ಸೋಸುವ ಮೋಟರು ಅರ್ಧ ದಿನ ನಿಂತಿತ್ತು. ಅಂದಿನಿಂದ ತೊಟ್ಟಿಯ ಹತ್ತಿರ ಏನನ್ನೂ ಮುಟ್ಟಬೇಡಿ ಎಂದು ಅವರಿಗೆ ಆಣೆ ಹಾಕಿದ್ದೆ.

ಹೀಗಿರುವಾಗ ಒಂದು ಬೆಳಗ್ಗೆ ಬಸ್ಸು ಮದ್ದೂರು ಬಿಟ್ಟ ಮೇಲೆ ನೆನಪಾಯಿತು, ತೊಟ್ಟಿಯ ಲೈಟು ಆರಿಸಿಲ್ಲ. ಹಳೇ ಕಾಲದ ಟ್ಯೂಬ್‌ಲೈಟು ಅದು. ಭಾರತೀನಗರದವರೆಗೂ ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ, ಆ ಟ್ಯೂಬು ನನ್ನ ಸೊನ್ನೆಯನ್ನು ತಿನ್ನುವುದನ್ನೇ ನೋಡುತ್ತಿದ್ದೆ. ಅತ್ತೆಗೆ ಹೇಳೋಣ ಎಂದರೆ ಮತ್ತೆ ಎಲ್ಲ ಸ್ವಿಚ್ಚೂ ಒತ್ತಿಯಾರು.

ಕಚೇರಿಯಲ್ಲಿ ಕೂತು ಫೀಸಿನ ರಸೀದಿ ಹರಿಯುತ್ತಿದ್ದಾಗ ಅವರೇ ಫೋನು ಮಾಡಿದರು.

“ದೇವ್ರಾಜಪ್ಪ, ಆರೋಯ್ತು ಕಣಪ್ಪ.”

ನನಗೆ ಆದ ಸಂತೋಷ ಹೇಳತೀರದು. ಟ್ಯೂಬು ಸುಟ್ಟು ತಾನಾಗಿಯೇ ಆರಿಹೋಗಿತ್ತು. ಸುತ್ತ ಗೆಳೆಯರು ಕಿವಿ ನಿಮಿರಿಸಿದ್ದರು, ನಾನೂ ಅತ್ತೆಯ ದನಿಯಲ್ಲೇ ಶುರು ಮಾಡಿದೆ.

“ಯಾವಾಗ ಆರೋಯ್ತತ್ತೆ?”

“ಈಗ್ತಾನೆ ಕಣಪ್ಪ. ಎಲೆ ಅಡ್ಕೆ ಆಕ್ಕೊಂಡು ಕುಂತಿದ್ದೆ, ಪಟ್ ಅಂತು. ನೋಡ್ತೀನಿ, ಆರೋಗದೆ.”

“ಆರೋದ್ರೆ ಆರೋಗ್ಲಿ ಬುಡಿ. ಒಳ್ಳೇದೇ ಆಯ್ತು.”

“ಒಳ್ಳೇದಾ?”

“ಊಂ ಮತ್ತೆ. ಯೂನಿಟ್ ಉಳೀತು.”

“ಇನ್ನೂ ಪಕಪಕ ಅಂತಾ ಅದೆ ಕಣಪ್ಪ.”

“ಒಸಿ ಒತ್ತು ಅಂಗೇ ಅಂದು ನಿಂತೋಯ್ತದೆ. ನೀವು ಮುಟ್ಬ್ಯಾಡಿ.”

“ಮುಟ್ಟದೇ ಬ್ಯಾಡ್ವಾ?”

“ಬ್ಯಾಡ. ಸಂಜೆ ನಾನೇ ಬಂದು ತಿಪ್ಪೆಗಾಕ್ತೀನಿ. ಬೇಕಾರೆ ಬ್ಯಾರೆ ತಂದ್ರಾಯ್ತು.”

“ಆಯ್ತಪ್ಪ, ನೀನು ಓದಿರಾನು” ಎಂದು ಫೋನಿಟ್ಟರು. ಕಚೇರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ನಾನು ಇನ್ನೂ ನಗುತ್ತಿದ್ದಾಗಲೇ ವಾಟ್ಸಾಪಿನಲ್ಲಿ ಪ್ರಸನ್ನನ ಸಾಲು ಬಂತು: ‘ಅರೋವಾನ ಹಾರಿ ನೆಲಕ್ಕೆ ಬಿದ್ದಿತ್ತು. ಅತ್ತೆ ಮತ್ತೆ ನೀರಿಗೆ ಬಿಟ್ಟಿದ್ದಾರೆ. ಮೊದಲು ದೇವರಾಜುಗೇ ತಿಳಿಸಿದ್ದರಂತೆ.’

ಆ ‘ಹಾರಿ’ಯ ಹಕಾರವನ್ನು ನಾನು ಮೂರು ಸಲ ಓದಿದೆ. ಅದುವರೆಗೆ ಅದನ್ನು ಆಡಿಕೊಂಡು ಬದುಕಿದ್ದೆ.

ಮನೆಗೆ ಬಂದಾಗ ತೊಟ್ಟಿಯ ಮೇಲೆ ಎರಡು ಮೊರ ಬೋರಲು ಹಾಕಿ, ಮೇಲೆ ಒರಳಿನ ಗುಂಡುಕಲ್ಲು ಇಟ್ಟಿತ್ತು. ಟ್ಯೂಬು ಒಂದು ಪಕ್ಕಕ್ಕೆ ಸರಿದು ಚೆನ್ನಾಗಿಯೇ ಉರಿಯುತ್ತಿತ್ತು. ಕೆಳಗೆ ಅರೋವಾನ ಒಂದು ಮೀಸೆ ಮುರಿದುಕೊಂಡು, ಪಕ್ಕೆಯಲ್ಲಿ ನಾಲ್ಕೈದು ಪೊರೆ ಕಳೆದುಕೊಂಡು, ಮೂಲೆಗೆ ಮುಖ ಹಾಕಿ ನಿಂತಿತ್ತು. ಮಂಡ್ಯದಿಂದ ಓಡಿಬಂದ ಶ್ವೇತ ನೆಲ ಒರೆಸುತ್ತಿದ್ದಳು. ಅತ್ತೆ ಅವಳಿಗೆ ಹೇಳುತ್ತಿದ್ದರು, ನನ್ನನ್ನು ಕಂಡೂ ನಿಲ್ಲಿಸಲಿಲ್ಲ.

“ಒಸಿ ಒತ್ತು ಒದ್ದಾಡಿ ನಿಂತೋಯ್ತದೆ, ತಿಪ್ಪೆಗಾಕ್ತೀನಿ ಅಂದ್ರು ಕಣವ್ವ ನಿನ್ ಗಂಡ. ನಂಗೆ ತಡೀನಿಲ್ಲ. ದೊಡ್ಡಳಿಯಂದ್ರಿಗೆ ಪೋನ್ ಮಾಡ್ದೆ. ಒದ್ದೆ ಟವಲ್ಲಾಗೆ ಇಡ್ಕೊಂಡು ನೀರಿಗ್ ಬುಡಿ, ಮ್ಯಾಲೆ ಏನಾರ ಮುಚ್ಚಿ ಅಂದ್ರು.”

“ಅತ್ತೆ, ಅವನಿಗೂ ಆರೋಯ್ತು ಅಂತಲೇ ಹೇಳಿದ್ರಾ?”

“ಇನ್ನೆಂಗನ್ನನ? ಆರೋಯ್ತು ಅಂದೆ. ಏನು ಆರೋಯ್ತತ್ತೆ ಅಂದ್ರು. ಮೀನು ಅಂದೆ.”

ಅಷ್ಟೇ. ಒಂದು ‘ಏನು’. ಎಂ.ಎ. ಮಾಡಿದ ನನ್ನ ಬಾಯಿಗೆ ಬಾರದ ಎರಡಕ್ಷರ ಅವನ ಬಾಯಿಗೆ ಬಂದಿತ್ತು, ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ನಾನು ಶ್ವೇತಳಿಗೆ ವಿವರಿಸಲು ಹೋದೆ. ಆರುವುದು, ಹಾರುವುದು, ಟ್ಯೂಬು, ಪಕಪಕ. ಶ್ಲೇಷೆಯನ್ನು ಬಿಡಿಸಿ ಹೇಳಿದರೆ ನಗು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು, ಅಳು ಬರುತ್ತದೆ ಎಂದು ಗೊತ್ತಿರಲಿಲ್ಲ. ಅವಳು ನೆಲದ ಮೇಲೆ ಬಿದ್ದಿದ್ದ ಒಂದು ಪೊರೆಯನ್ನು ಉಗುರಿನಲ್ಲಿ ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದಳು.

“ಬಿಲ್ಲು ಬರೋವರ್ಗೂ ಕಾಯೋದು ಬೇಡ ರೀ. ಭಾನುವಾರ ತಗೊಂಡೋಗಿ ಬಿಟ್ಟು ಬನ್ನಿ.”

“ಗಾಜು ಹಾಕಿಸ್ತೀನಿ ಕಣೆ. ನಾಳೇನೇ.”

“ಆವಾಗ್ಲೇ ಹಾಕಿಸಿದ್ರೆ ಯೂನಿಟ್ಟೂ ಉಳೀತಿತ್ತು, ಇದೂ ಉಳೀತಿತ್ತು.”

ನಾನು ಬಾಯಿ ಮುಚ್ಚಿದೆ. ಪ್ರಸನ್ನ ಹೇಳಿದ್ದನ್ನು ಮಾಡಿದ್ದು ಅದೇ ಮೊದಲು.

ಪೇಂಟಿನ ದೊಡ್ಡ ಬಕೆಟ್ಟಿಗೆ ಅರ್ಧ ನೀರು ತುಂಬಿ, ಮುಚ್ಚಳಕ್ಕೆ ತೂತು ಹೊಡೆದು, ಭಾನುವಾರ ಮಳವಳ್ಳಿಯ ಸರ್ಕಾರಿ ಬಸ್ಸು ಹತ್ತಿದೆ. ಕಂಡಕ್ಟರು ಮುಚ್ಚಳದ ತೂತಿಗೆ ಕಣ್ಣಿಟ್ಟ.

“ಏನ್ಸಾ ಇದು?”

“ಮೀನು.”

“ಎಣ್ಣಾ ಗಂಡಾ? ಎಣ್ಣಾದ್ರೆ ಪ್ರೀ.”

ಬಸ್ಸೆಲ್ಲ ನಕ್ಕಿತು. ಬೇರೆ ದಿನವಾಗಿದ್ದರೆ ಆ ಮಾತು ನನ್ನದಾಗಿರುತ್ತಿತ್ತು. ಅವನ ಮೇಲೂ ಅಸೂಯೆ ಪಡುತ್ತ ಒಂದು ಟಿಕೆಟ್ಟು ತೆಗೆದುಕೊಂಡು, ದಾರಿಯುದ್ದಕ್ಕೂ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತೆ.

ಪ್ರಸನ್ನ ಒಂದು ಚುಚ್ಚುಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ಆಡಿಕೊಳ್ಳುವುದಕ್ಕಾದರೂ ಏನಾದರೂ ಸಿಗುತ್ತಿತ್ತು. ಬಕೆಟ್ಟನ್ನು ಕೂಸು ಇಸಿದುಕೊಳ್ಳುವ ಹಾಗೆ ಇಸಿದುಕೊಂಡು, “ಪಾಪ, ಮೀಸೆ” ಎಂದ. ಅವನ ತೊಟ್ಟಿಯ ಮೂರು ಕಡೆ ಥರ್ಮಾಕೋಲಿತ್ತು. ಮೇಲೆ ಗಾಜಿತ್ತು.

ಮುಂದಿನ ಬಿಲ್ಲು ಬಂತು. ಸೊನ್ನೆ. ನಾನು ಫೋಟೊ ತೆಗೆದು ಗುಂಪಿಗೆ ಹಾಕಿ, ‘ಮಿತಬಳಕೆಯ ಫಲ’ ಎಂದು ಅವನ ಸಾಲನ್ನೇ ಬರೆದೆ. ಸ್ವಲ್ಪ ಹೊತ್ತಿಗೆ ಅವನದೂ ಬಂತು. ಎರಡು ತೊಟ್ಟಿಗಳ ಮನೆ, ಮೊದಲ ಸಲ ಸೊನ್ನೆಯ ಜಾಗದಲ್ಲಿ ದೊಡ್ಡ ಅಂಕಿ. ‘ಪರವಾಗಿಲ್ಲ, ಮೀನು ಚೇತರಿಸಿಕೊಂಡಿದೆ’ ಎಂದು ಬರೆದು ಒಂದು ವಿಡಿಯೊ ಹಾಕಿದ್ದ. ಮುರಿದ ಮೀಸೆ ಚಿಗುರುತ್ತಿತ್ತು. ಅರೋವಾನ ಮೇಲೆದ್ದು ಬಂದು ಅವನ ಬೆರಳ ತುದಿಯಿಂದ ಮಿಡತೆಯನ್ನು ಮೆಲ್ಲಗೆ ಕಚ್ಚಿಕೊಂಡು ಹೋಯಿತು. ನನ್ನ ಕೈಯಿಂದ ಅದು ಒಂದು ದಿನವೂ ತಿಂದಿರಲಿಲ್ಲ.

ನಾನು ಅವನ ಬಿಲ್ಲಿನ ಫೋಟೊವನ್ನು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಆ ಹೆಚ್ಚಿನ ಯೂನಿಟ್ಟುಗಳೆಲ್ಲ ನನ್ನವು. ಇಷ್ಟು ದಿನ ಅವನ ಸೊನ್ನೆಯನ್ನು ಕಂಡು ಉರಿಯುತ್ತಿದ್ದವನು ಈಗ ಅವನ ಅಂಕಿಯನ್ನು ಕಂಡು ಉರಿದೆ.

ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಖಾಲಿ ತೊಟ್ಟಿಯ ಮುಂದೆ ಎಂದಿನಂತೆ ಚಾಪೆ ಹಾಸಿ ಮಲಗಿದರು. ಮಗ್ಗುಲು ಬದಲಿಸಿದರು. ಮತ್ತೆ ಬದಲಿಸಿದರು.

“ಆ ಮೋಟ್ರು ಸದ್ದಿಲ್ದೆ ನಿದ್ದೇನೇ ಅತ್ತಾಕಿಲ್ಲ ಕಣಪ್ಪ.”

ನಾನು ಗಂಟಲು ಸರಿಮಾಡಿಕೊಂಡು ತೊಟ್ಟಿಯ ಪಕ್ಕ ಕುಂತು ಶುರು ಮಾಡಿದೆ. ಬುಳುಬುಳು, ಗುರ್ರ್, ಬುಳುಬುಳು. ಸೋಸುವ ಮೋಟರಿಗೂ ಗಾಳಿಯ ಮೋಟರಿಗೂ ಒಂದೇ ಗಂಟಲು. ಅಡುಗೆಮನೆಯಿಂದ ಶ್ವೇತ ಇಣುಕಿ ನೋಡಿ ಒಳಗೆ ಹೋದಳು. ಅತ್ತೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ತೆರೆದರು, ಆಪರೇಷನ್ ಆದದ್ದು.

“ಮೀನೇ ಇಲ್ವಲ್ಲಪ್ಪ. ಯಾಕ್ ಸುಮ್ಕೆ ಉರುಸ್ತೀಯೆ, ಆರ್ಸು.”

ಆರಿಸಿದೆ.